ಖಾಲಿ ಅಂಗೈಯ ಮೂರ್ತಿ

ಸಾಯಗಾಂವದ ಧಾನ್ಯದ ವ್ಯಾಪಾರಿ ಮಲ್ಲಿಕಾರ್ಜುನಪ್ಪನಿಗೆ ಬೀದರ ಪೇಟೆಗೆ ಹೋದರೆ ಬರಿಗೈಯಲ್ಲಿ ಬಂದು ಗೊತ್ತೇ ಇರಲಿಲ್ಲ. ನಿಜಾಮರ ಕಾಲದ ಆ ಬೇಸಿಗೆಯಲ್ಲಿ ಆತ ಹೊತ್ತು ತಂದದ್ದು ಮಾತ್ರ ಮನೆಯವರು ಹಿಂದೆಂದೂ ಕಾಣದ ವಸ್ತು. ಬಿದರಿ ಕೆಲಸದ ಸಲಾವೋದ್ದೀನ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಬುದ್ಧನ ಮೂರ್ತಿ. ಹೈದರಾಬಾದಿನ ಯಾವನೋ ಸಾಹೇಬ ದಿವಾಣಖಾನೆಯ ಅಂದಕ್ಕೆಂದು ಹೇಳಿ ಮಾಡಿಸಿ, ಆಮೇಲೆ ಬೇಡವೆಂದನಂತೆ. ಮಲ್ಲಿಕಾರ್ಜುನಪ್ಪ ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟು, ತಾನೇ ಕೆತ್ತಿದವನ ಹಾಗೆ ಮೀಸೆ ತಿರುವುತ್ತ ತಾಯಿಯ ಪಕ್ಕದಲ್ಲಿ ಊಟಕ್ಕೆ ಕುಳಿತ.

ಬಿಸಿ ರೊಟ್ಟಿ ಮತ್ತೆ ಬಡಿಸಲು ಬುಟ್ಟಿ ಹಿಡಿದು ಬಂದ ಹೆಂಡತಿ ಕಸ್ತೂರಿಬಾಯಿ ಗೂಡಿನತ್ತ ನೋಡಿದವಳೇ ಅಲ್ಲೇ ನಿಂತುಬಿಟ್ಟಳು. ಪದ್ಮಾಸನ ಹಾಕಿದ್ದಾನೆ, ಕಣ್ಣು ಮುಚ್ಚಿದ್ದಾನೆ, ಎಡ ಅಂಗೈಯನ್ನು ಲಿಂಗಪೂಜೆಗೆಂದೇ ಹಿಡಿದಿದ್ದಾನೆ. ಆದರೆ ಅಂಗೈಯಲ್ಲಿ ಲಿಂಗವಿಲ್ಲ! ಬಲಗೈ ನೆಲಕ್ಕಿಳಿದು, ಬಿದ್ದದ್ದನ್ನು ತಡಕುತ್ತಿದೆ. ಲಿಂಗವಂತರ ಮನೆಯಲ್ಲಿ ಹುಟ್ಟಿ ಬೆಳೆದ ಕಣ್ಣಿಗೆ ಬೇರೆ ಏನು ತಾನೇ ಕಂಡೀತು?

"ಅಯ್ಯಯ್ಯೋ! ಲಿಂಗ ಕಳಕೊಂಡವರ ಮೂರ್ತಿ ಮನಿಗಿ ಯಾಕ ತಂದೀರಿ?" ಎಂದವಳ ಕೈಯಿಂದ ಬುಟ್ಟಿ ಜಾರಿ, ರೊಟ್ಟಿಗಳು ನೆಲದ ಪಾಲಾದವು.

ಅಷ್ಟು ಬೆಚ್ಚಿಬೀಳಲು ಅವಳಿಗೆ ತನ್ನದೇ ಕಾರಣವಿತ್ತು. ಔರಾದ ಸೀಮೆಯ ಡಾಬಕಾ ಅವಳ ತವರು. ಲಿಂಗ ಮೈಬಿಟ್ಟರೆ ಜೀವವೂ ಬಿಡಬೇಕೆಂದು ಅಜ್ಜಿ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು. ಹಿಂದೊಮ್ಮೆ ತವರಿನಿಂದ ಬರುವಾಗ, ಮಾಂಜ್ರಾ ಹೊಳೆ ದಾಟುತ್ತ, ಕೊರಳ ಕರಡಿಗೆಯ ಮುಚ್ಚಳ ಸಡಿಲಾಗಿ ಲಿಂಗ ನೀರಿಗೆ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಸಾಯಲು ಧೈರ್ಯ ಬರಲಿಲ್ಲ. ಹೊಳೆಯದೇ ಒಂದು ಕರಿ ಹರಳನ್ನು ಕರಡಿಗೆಯೊಳಗಿಟ್ಟುಕೊಂಡು ಮನೆ ಸೇರಿದಳು. ಅಂದಿನಿಂದ ದಿನಾ ಬೆಳಗ್ಗೆ ಆ ಕಲ್ಲಿಗೇ ವಿಭೂತಿ, ಆ ಕಲ್ಲಿಗೇ ಹೂ. ಅತ್ತೆ ರುಕ್ಮಿಣಿಬಾಯಿಯೋ, ಲಿಂಗವಿಲ್ಲದವರ ಕೈಯ ನೀರನ್ನೂ ಮುಟ್ಟದವರು; ಭಾಲ್ಕಿಯ ಸಂತೆಗೆ ಹೋದರೂ ಬುತ್ತಿ ಮನೆಯದೇ ಆಗಬೇಕು. ಅಂಥವರಿಗೆ ಇಷ್ಟು ವರ್ಷ ಮೋಸದಿಂದ ಉಣಬಡಿಸಿದೆನಲ್ಲ ಎಂಬ ಸಂಕಟ ಕಸ್ತೂರಿಬಾಯಿಯನ್ನು ಒಳಗೊಳಗೇ ತಿನ್ನುತ್ತಿತ್ತು.

ಮಲ್ಲಿಕಾರ್ಜುನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಚ್ಚಿ, ಆತ ಏನೂ ಕಳಕೊಂಡಿಲ್ಲ. ತಪಾ ಮಾಡ್ಲಾಕ ಕುಂತಾಗ ಒಬ್ಬಾಂವ ಬಂದು, ಇಲ್ಲಿ ಕೂಡ್ಲಾಕ ನೀ ಯೋಗ್ಯ ಅಂತ ಯಾರು ಸಾಕ್ಷಿ ಹೇಳ್ತಾರ ಅಂದನಂತ. ಆತ ಬಾಯಿ ಬಿಡಲಿಲ್ಲ, ನೆಲ ಮುಟ್ಟಿದ. ಭೂಮಿತಾಯೇ ಸಾಕ್ಷಿ ಅಂತ. ಸಲಾವೋದ್ದೀನನೇ ಹೇಳಿದ."

ಕಸ್ತೂರಿಬಾಯಿಗೆ ನಗು ಬರಲಿಲ್ಲ. ಆತನಿಗೆ ಭೂಮಿ ಸಾಕ್ಷಿ ಹೇಳಿತು; ತನ್ನ ಬಗ್ಗೆ ಕೇಳಿದರೆ ಅದೇ ಭೂಮಿ ಏನು ಹೇಳೀತು? ಅವಳು ಅಲ್ಲೇ ಕುಳಿತು, ಬಲಗೈಯನ್ನು ಸಾರಿಸಿದ ನೆಲಕ್ಕೆ ಊರಿದಳು.

"ಅತ್ಯಾ, ನಂದು ಲಿಂಗ ಇಲ್ರಿ. ಮಾಂಜ್ರಾದಾಗ ಹೋಗ್ಯಾದ. ಈ ಕರಡಿಗ್ಯಾಗ ಇರೋದು ಬರೇ ಕಲ್ಲು. ಭೂಮಿತಾಯಿ ಆಣಿರಿ."

ಮಲ್ಲಿಕಾರ್ಜುನಪ್ಪನ ನಗು ಅಲ್ಲೇ ನಿಂತಿತು, ಬಾಯೊಳಗಿನ ತುತ್ತು ಬಾಯೊಳಗೇ ಉಳಿಯಿತು. ಅವ್ವ ತಟ್ಟೆ ಎತ್ತಿ ಬಿಸಾಡುತ್ತಾಳೆ ಎಂದೇ ಅವನು ತಿಳಿದ.

ರುಕ್ಮಿಣಿಬಾಯಿ ಬಾಯಿ ಒರೆಸಿಕೊಂಡರು. "ನನಗ ಗೊತ್ತದ," ಎಂದರು.

"ಏನಂದ್ರಿ?" ಕಸ್ತೂರಿಬಾಯಿ ತಲೆ ಎತ್ತಿದಳು.

"ಆವತ್ತು ತವರಿಂದ ಬಂದಾಗಿಂದ ಪೂಜಾದಾಗ ಬೆರಳು ಮುಚ್ಚಿ ಹಿಡಿತಿ. ನಾ ಏನ್ ಕುರುಡಿ ಇದ್ದೇನೇನು?"

ಕಸ್ತೂರಿಬಾಯಿ ಎಡಗೈಯಿಂದ ಕರಡಿಗೆ ಹಿಡಿದುಕೊಂಡಳು. "ಗೊತ್ತಿದ್ದೂ ನನ್ನ ಕೈಯಾಂದು ಉಂಡ್ರಿ?"

"ಉಣ್ಣೋದು ಬಿಟ್ಟಿದ್ರ, ಯಾಕ ಅಂತ ಊರ ಮಂದಿ ಕೇಳ್ತಿದ್ರು. ನೀ ಬಾವಿ ಕಡಿ ಹೋಗ್ತಿದ್ದಿ." ಮುದುಕಿ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. "ನೀನೇ ಹೇಳಲಿ ಅಂತ ಹಾದಿ ನೋಡಿದೆ. ಇವತ್ತ ಹೇಳಿದಿ. ನಾಳಿ ಮಠದ ಅಯ್ನೋರಿಗಿ ಕರಸ್ತೇನಿ, ಹೊಸಾ ಲಿಂಗ ಕಟ್ಟತಾರ."

ಹಾಗೆಂದು, ನೆಲದ ಮೇಲೆ ಬಿದ್ದಿದ್ದ ರೊಟ್ಟಿಯೊಂದನ್ನು ತಾವೇ ಎತ್ತಿ, ಧೂಳು ಕೊಡವಿ, ತಟ್ಟೆಗೆ ಹಾಕಿಕೊಂಡರು. ಕಸ್ತೂರಿಬಾಯಿ ನೆಲದಿಂದ ಕೈ ಎತ್ತುವುದನ್ನೇ ಮರೆತು, ಅತ್ತೆ ತುತ್ತು ಮುರಿಯುವುದನ್ನು ನೋಡುತ್ತ ಕುಳಿತಳು.