ಸೀರೆಗಂಜಿ ಹಾಕಿದ ಮುಂಗೂದಲು

ಆ ಬೆಳಿಗ್ಗೆಯೂ ನೀರು ತುಂಬಿ, ಚಿತ್ರಾನ್ನ ಕಲಸುವಷ್ಟರಲ್ಲಿ ಚಳ್ಳಕೆರೆಯ ಸೆಕೆಗೆ ನನ್ನ ಮುಂಗೂದಲು ಹಣೆಗೆ ಅಂಟಿಕೊಂಡಿತ್ತು. ಕಾನ್ವೆಂಟಿನ ದಿನಗಳಿಂದ ಆಸೆಪಟ್ಟು ಕತ್ತರಿಸಿಕೊಂಡು ಬಂದದ್ದು. ಮದುವೆಯಾದ ಮೇಲಿನ ಮೊದಲ ಫೋಟೊಗೆ ಅಂದು ಸ್ಟುಡಿಯೋಗೆ ಹೋಗಬೇಕಿತ್ತು.

"ಹಿಂಗೇ ಅಂಟ್ಕೊಂಡಿದ್ರೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚ್ತೀನಿ ನೋಡು," ಅಂದರು ಅತ್ತೆ.

ಪಕ್ಕದ ಮನೆಯ ಅಕ್ಕನ ಬಳಿಗೆ ಓಡಿದೆ. ಮೊಳಕಾಲ್ಮುರಿನ ನೇಕಾರರ ಮಗಳು ಅವರು. ಮಾತಾಡುವಾಗ ಸೆರಗಿನ ಅಂಚನ್ನು ಉಗುರಿನಿಂದ ತೀಡುತ್ತಲೇ ಇರುತ್ತಿದ್ದರು. ಯಾವ ತೊಂದರೆ ಹೇಳಿದರೂ "ಏಂ ಕಾದು, ಏನೂ ಆಗಲ್ಲ" ಎಂದು ತೆಲುಗು, ಕನ್ನಡ ಎರಡು ಭಾಷೆಯಲ್ಲೂ ಧೈರ್ಯ ಕೊಡುತ್ತಿದ್ದರು. ಅಂದೂ ಹಾಗೆಯೇ ಅಂದು, ಸೀರೆಗೆ ಹಾಕುವ ಅಕ್ಕಿಗಂಜಿಯನ್ನು ನನ್ನ ಕೂದಲಿಗೆ ಸವರಿ, ಸೌಟಿನ ಹಿಡಿಗೆ ಸುತ್ತಿ ಬಾಗಿಸಿದರು.

ಸ್ಟುಡಿಯೋದ ದೀಪದ ಕಾವಿಗೆ ನಮ್ಮವರ ಅಂಗಿ ತೊಯ್ದಿತು, ಅತ್ತೆಯ ಕುಂಕುಮ ಇಳಿಯಿತು. ನನ್ನ ಮುಂಗೂದಲು ಮಾತ್ರ ಗಂಜಿ ಒಣಗಿ ತಗಡಿನಂತೆ ಮುಂದಕ್ಕೆ ಚಾಚಿ ನಿಂತಿತು.

"ಮೇಡಂ, ಟೋಪಿ ತೆಗೀರಿ," ಅಂದ ಫೋಟೊದವನು.

ಅತ್ತೆ ಬೆರಳಿನಿಂದ ತಟ್ಟಿ ನೋಡಿದರು. ಟಕ್ ಟಕ್ ಎಂದಿತು. ಮೊದಲು ನಕ್ಕವರೂ ಅವರೇ. ಫೋಟೊದಲ್ಲಿ ಮೂವರೂ ಬಾಯಿ ತೆರೆದು ನಗುತ್ತಿದ್ದೇವೆ.

ಸಂಜೆ, ಬಾಚಣಿಗೆಯೇ ಇಳಿಯದ ಕೂದಲನ್ನು ಅಕ್ಕನಿಗೆ ತೋರಿಸಿದೆ. ಮಡಿಸುತ್ತಿದ್ದ ಸೀರೆಯಿಂದ ಕಣ್ಣೆತ್ತದೆ ಅಂದರು: "ಗಟ್ಟಿ ಆತಾ? ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕೀನಿ, ತಲೆ ಬಗ್ಸು ಬಾ."