ಯಲ್ಲಮ್ಮನ ಮಡಿಲಲ್ಲಿ ಐದನೇ ಬಾವುಟ

ಯಲಹಂಕದ ಹಳೇ ಊರಿನಲ್ಲಿ ಐವತ್ತು ದಾಟಿದ ಗಂಡಸು ಓಟಕ್ಕೆ ನಿಂತನೆಂದರೆ ಜನ ಅವನು ಓಟಿಗೆ ನಿಂತನೆಂದೇ ತಿಳಿಯುತ್ತಾರೆ. ಬ್ಯಾಟರಾಯಪ್ಪನವರಿಗೂ ಹಾಗೇ ಆಯಿತು. ಕೈಯಲ್ಲಿ ನಕ್ಷೆ ಹಿಡಿದು, ಹೆಬ್ಬೆರಳಿಗೆ ದಿಕ್ಸೂಚಿ ಸಿಕ್ಕಿಸಿಕೊಂಡು, ಹೊಸ ಷೂ ಕಿರುಗುಟ್ಟಿಸುತ್ತ ಮೊದಲ ದಿನ ಬೀದಿಗಿಳಿದಾಗ ಹಾಲಿನ ಬೂತಿನ ಹತ್ತಿರ ಒಬ್ಬರು "ಯಾವ ವಾರ್ಡು ಸಾರ್?" ಎಂದು ಕೇಳಿದರು. ಪಕ್ಕದಲ್ಲಿದ್ದವರು ನಕ್ಷೆಯತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಎಲ್ಲಿ ಸಾರ್ ಲೇಔಟು? ನಮಗೂ ಒಂದು ಕಾರ್ನರ್ ಸೈಟ್ ಇರ್ಲಿ" ಎಂದರು.

ಬ್ಯಾಟರಾಯಪ್ಪನವರ ಅಪ್ಪನ ಕಾಲದ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಉಳುವುದು ಬಿತ್ತುವುದು ಇಲ್ಲ. ನಲ್ಲಿ ಸೋರುತ್ತಿದೆ ಎಂಬ ದೂರು ಕೇಳಿಸಿಕೊಳ್ಳುವುದಷ್ಟೇ ಕೆಲಸ. ಮಿಕ್ಕ ಹೊತ್ತೆಲ್ಲ ಕುತೂಹಲಕ್ಕೆ ಮೀಸಲು. ಅವರ ಮೂಗು ಸಾಧಾರಣ ಗಾತ್ರದ್ದೇ, ಆದರೆ ಅದು ತೂರದ ಜಾಗ ಯಲಹಂಕದಲ್ಲಿಲ್ಲ. ರಸ್ತೆ ಅಗೆದರೆ ಗುಂಡಿಗೆ ಬಗ್ಗಿ ನೋಡಬೇಕು, ಪೈಪೋ ಕೇಬಲ್ಲೋ ಗೊತ್ತಾಗಬೇಕು. ಬೋರ್‌ವೆಲ್ ಕೊರೆಯುತ್ತಿದ್ದರಂತೂ ಮುಗಿಯಿತು. ಅಲ್ಲಿ ಯಂತ್ರ ನೆಲ ಕೊರೆದರೆ, ಇವರು ಯಂತ್ರದವನನ್ನು ಕೊರೆಯುತ್ತಾರೆ. ಎಷ್ಟೋ ಸಲ ನೀರು ಮೊದಲು ಬಂದದ್ದು ಅವನ ಕಣ್ಣಿನಲ್ಲಿ.

ಈ ಕುತೂಹಲವೇ ಅವರನ್ನು ಆಟಕ್ಕೂ ಎಳೆಯಿತು. ಮಗಳು ಮೋನಿಷಾ ಹೆಬ್ಬಾಳದಲ್ಲಿ ಫಿಸಿಯೋಥೆರಪಿಸ್ಟ್. ಜನರ ಮಂಡಿ ತಿಕ್ಕಿ ಬೇಸರವಾದಾಗ ತನ್ನ ಮಂಡಿ ಸವೆಸಲು ಒಂದು ಓರಿಯೆಂಟೀರಿಂಗ್ ಕ್ಲಬ್ ಸೇರಿದ್ದಳು. ಒಂದು ಭಾನುವಾರ ಅವಳನ್ನು ಕಾರಿನಲ್ಲಿ ಬಿಡಲು ಹೋದ ಅಪ್ಪ ವಾಪಸಾಗಲಿಲ್ಲ. ಇಷ್ಟೊಂದು ಓದಿದ ಜನ ಪೊದೆ ಪೊದೆಗೂ ಇಣುಕಿ ಏನು ಹುಡುಕುತ್ತಿದ್ದಾರೆ ಎಂದು ತಿಳಿಯದೆ ಮನೆಗೆ ಹೋಗುವುದು ಹೇಗೆ? ಕೇಳಿದರೆ ಆಟ ಸರಳವಾಗಿತ್ತು. ಬಯಲಿನಲ್ಲಿ ಅಲ್ಲಲ್ಲಿ ಗೂಟ ನೆಟ್ಟು ಕಿತ್ತಳೆ-ಬಿಳಿ ಬಾವುಟ ನೇತುಹಾಕಿರುತ್ತಾರೆ. ನಕ್ಷೆ ನೋಡಿಕೊಂಡು ಒಂದಾದ ಮೇಲೊಂದನ್ನು ಹುಡುಕಬೇಕು. ಪ್ರತಿ ಬಾವುಟದ ಜೊತೆ ಒಂದು ಪುಟ್ಟ ಡಬ್ಬಿ. ಬೆರಳಿಗೆ ಕಟ್ಟಿಕೊಂಡ ಕಡ್ಡಿಯನ್ನು ಅದಕ್ಕೆ ತೂರಿಸಿದರೆ 'ಪೀಂ' ಎನ್ನುತ್ತದೆ, ಬಂದದ್ದು ದಾಖಲಾಗುತ್ತದೆ. ಯಾರನ್ನೂ ದಾರಿ ಕೇಳುವಂತಿಲ್ಲ.

"ಮನೇಲಿ ಕನ್ನಡಕ ಹುಡ್ಕೋಕಾಗಲ್ಲ, ಕಾಡಲ್ಲಿ ಬಾವುಟ ಹುಡುಕ್ತಾರಂತೆ" ಎಂದರು ಹೆಂಡತಿ ಯಶೋಧಾ. "ಕನ್ನಡಕ ನಿಮ್ಮ ತಲೆ ಮೇಲೇ ಇದೆ."

ಅವರು ಶ್ರದ್ಧೆಯಿಂದಲೇ ಕಲಿತರು. ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ದಿನಾ ಓಡಿದರು. ಹೊಟ್ಟೆ ಹಿಂದೆ ಬಿತ್ತು, ಅಂದರೆ ಅವರಿಗಿಂತ ಒಂದು ಹೆಜ್ಜೆ ಮುಂದಿರುತ್ತಿದ್ದದ್ದು ಈಗ ಅವರ ಸಮಸಮಕ್ಕೆ ಬಂತು. ದಿಕ್ಕು ಅವರಿಗೆ ಹೊಸದೇನಲ್ಲ. ವಾಸ್ತುವಿನ ದೆಸೆಯಿಂದ ಬಾಡಿಗೆಗೆ ಬಂದವರಿಗೆಲ್ಲ ಈಶಾನ್ಯ ಮೂಲೆ ತೋರಿಸಿಯೇ ಅರ್ಧ ಆಯುಷ್ಯ ಸವೆದಿತ್ತು. ನಕ್ಷೆಯನ್ನು ನೆಲಕ್ಕೆ ಸರಿಯಾಗಿ ತಿರುಗಿಸಿ ಹಿಡಿಯುವುದನ್ನು ಅವರು ಒಂದೇ ಬೆಳಗ್ಗೆ ಕಲಿತುಬಿಟ್ಟರು.

ಆದರೂ ಮೂರು ಸ್ಪರ್ಧೆಗಳಲ್ಲಿ ಒಂದನ್ನೂ ಮುಗಿಸಲಿಲ್ಲ. ಮೊದಲನೆಯದರಲ್ಲಿ ದಾರಿಯಲ್ಲೊಂದು ಬೋರ್‌ವೆಲ್ ಸಿಕ್ಕಿತು. ಎರಡನೆಯದರಲ್ಲಿ ಸ್ಕೂಟರಿನವನೊಬ್ಬ ಇವರ ಕೈಯಲ್ಲಿದ್ದ ನಕ್ಷೆ ನೋಡಿ ವಿಳಾಸ ಕೇಳಿದ. ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲವೆಂದು ಹಿಂದೆ ಕೂತು ತೋರಿಸಿ ಬರಲು ಹೋದರು. ಮೂರನೆಯದರ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದರಲ್ಲಿ ಗುರುತು ಪರಿಚಯವಿಲ್ಲದವರ ಗೃಹಪ್ರವೇಶವೊಂದಿತ್ತು, ಹೋಳಿಗೆ ಚೆನ್ನಾಗಿತ್ತು.

"ನಿನಗೆ ದಾರಿ ತಪ್ಪಲ್ಲ ಅಪ್ಪಾ, ಬಾಯಿ ತಪ್ಪುತ್ತೆ" ಎಂದಳು ಮೋನಿಷಾ.

ಅವಳಿಗೆ ಬರುವ ತಿಂಗಳು ದೊಡ್ಡದೊಂದು ಸಾಹಸ ಸ್ಪರ್ಧೆಯಿತ್ತು. ಇಬ್ಬರ ತಂಡ, ಓಟ, ಸೈಕಲ್ಲು, ಕೊನೆಗೆ ಕಾಯಾಕ್ ಎಂಬ ಉದ್ದನೆಯ ಕಿರುದೋಣಿಯಲ್ಲಿ ಕೆರೆ ದಾಟುವುದು. ಅದನ್ನು ಕೇಳಿದಂದಿನಿಂದ ಬ್ಯಾಟರಾಯಪ್ಪನವರಿಗೆ ನಿದ್ದೆ ಕಡಿಮೆಯಾಗಿತ್ತು. ಕೆರೆ ಪಕ್ಕದಲ್ಲೇ ಹುಟ್ಟಿ ಬೆಳೆದವರು. ದಡದಿಂದ ಕೆರೆಯನ್ನು ಒಂದು ಜನ್ಮಕ್ಕಾಗುವಷ್ಟು ನೋಡಿದ್ದರು. ಆದರೆ ನಡುನೀರಿನಲ್ಲಿ ಕೂತು ನೋಡಿದರೆ ದಡ ಹೇಗೆ ಕಾಣುತ್ತದೆ? ಇದೊಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಸಹಿಸುವ ಜೀವ ಅದಲ್ಲ.

"ಹೆಸರಘಟ್ಟದ ರೇಸ್ ಒಂದನ್ನ ಎರಡು ಗಂಟೆ ಒಳಗೆ ಮುಗಿಸು, ನೀನೇ ನನ್ನ ಪಾರ್ಟ್‌ನರ್" ಎಂದಳು ಮಗಳು. "ಇಲ್ಲಾಂದ್ರೆ ಅವತ್ತೇ ಸುನೀಲ್ ಹೆಸರು ಕೊಟ್ಟುಬಿಡ್ತೀನಿ. ಶುರುವಿಂದ ಕೊನೇವರೆಗೂ ಬಾಯಿ ಬಿಡಬಾರ್ದು. ಆಣೆ ಮಾಡು."

ಸುನೀಲ್ ಕ್ಲಬ್ಬಿನ ಹುಡುಗ; ಜಿಂಕೆಯಂತೆ ಓಡುತ್ತಾನೆ, ಜಿಂಕೆಯಷ್ಟೇ ಮಾತಾಡುತ್ತಾನೆ. ಬ್ಯಾಟರಾಯಪ್ಪನವರು ಆಣೆ ಮಾಡಿದರು.

ಹೆಸರಘಟ್ಟದ ಹುಲ್ಲುಗಾವಲು ಜನವರಿಯ ಬಿಸಿಲಿಗೆ ಬಣ್ಣ ತಿರುಗಿತ್ತು. ಮೊದಲ ನಾಲ್ಕು ಬಾವುಟ ಬ್ಯಾಟರಾಯಪ್ಪನವರಿಗೆ ಕರೆದಂತೆ ಸಿಕ್ಕವು. ದಾರಿಯಲ್ಲಿ ಕುರಿ ಮಂದೆಯೊಂದು ಸಿಕ್ಕರೂ ಯಾರ ಕುರಿ ಎಂದು ಕೇಳಲಿಲ್ಲ. ದೂರದಲ್ಲಿ ಯಾರೋ ಗುಂಪಾಗಿ ನಿಂತು ಏನನ್ನೋ ನೋಡುತ್ತಿದ್ದರು. ಕತ್ತು ತಾನಾಗಿ ಅತ್ತ ತಿರುಗಿತು, ಕಾಲು ಮಾತ್ರ ತಿರುಗಲಿಲ್ಲ. ಇನ್ನು ಐದನೆಯದು. ನಕ್ಷೆಯ ಪ್ರಕಾರ ಅದು ಬಯಲಿನ ಅಂಚಿನಲ್ಲಿ, ಒಂದು ಹುತ್ತದ ಪಕ್ಕ.

ಹುತ್ತವಿತ್ತು. ಬಾವುಟವಿರಲಿಲ್ಲ.

ಅವರು ಒಂದು ಸುತ್ತು ಹಾಕಿದರು. ನಕ್ಷೆ ನೋಡಿದರು, ದಿಕ್ಸೂಚಿ ನೋಡಿದರು, ಮತ್ತೆ ಸುತ್ತು ಹಾಕಿದರು.

"ಸುತ್ತಪ್ಪ, ಸುತ್ತು" ಎಂಬ ದನಿ ಬಂತು. "ನಿನಗಿಂತ ಮೊದ್ಲು ಬಂದೋರೂ ಇಂಗೇ ಪ್ರದಕ್ಷಿಣೆ ಆಕ್ಬುಟ್ಟು ಓದ್ರು. ನಾಗಪ್ಪಂಗೆ ಇವತ್ತು ಬೋ ಭಕ್ತರು."

ಹೊಂಗೆ ಮರದ ನೆರಳಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸು ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಎರಡು ಸೀಮೆ ಹಸು, ಹಿಂದೆ ಕೊಯ್ಲಾದ ರಾಗಿ ಹೊಲದ ಕೂಳೆ. ಮಡಿಲಲ್ಲಿ ಐದನೇ ಬಾವುಟ, ಡಬ್ಬಿಯ ಸಮೇತ.

ಬ್ಯಾಟರಾಯಪ್ಪನವರು ಹತ್ತಿರ ಹೋದರು. ಕಡ್ಡಿ ಕಟ್ಟಿದ ಬೆರಳು ಮುಂದೆ ಹೋಯಿತು. ತೂರಿಸಿದರೆ 'ಪೀಂ', ಆಮೇಲೆ ಓಟ, ಆಮೇಲೆ ಕಾಯಾಕ್. ಆದರೆ ಪರಸ್ತ್ರೀಯ ಮಡಿಲಿಗೆ ಹೇಳದೆ ಕೇಳದೆ ಕೈ ಹಾಕುವುದು ಯಾವ ಆಟದ ನಿಯಮ? ಕೇಳಬೇಕೆಂದರೆ ಬಾಯಿ ಬಿಡಬೇಕು. ಅವರು ಬಾವುಟ ತೋರಿಸಿ ಕೈಸನ್ನೆ ಮಾಡಿದರು.

"ಮೂಗನಾ ನೀನು?" ಎಂದಳು ಮುದುಕಿ.

ಅವರ ಮೂಗಿನ ವಿಷಯ ಊರೆಲ್ಲ ಮಾತಾಡಿತ್ತು. ಮೂಗ ಎಂದವರು ಮಾತ್ರ ಇವಳೇ ಮೊದಲು. ಆಣೆ ಅಲ್ಲಿಗೆ ಮುರಿಯಿತು.

"ಮೂಗ ಅಲ್ಲಮ್ಮಾ. ಆ ಬಾವುಟ ನಮ್ದು."

"ಗೊತ್ತು ನಿಮ್ದೇ ಅಂತ. ಅದ್ಕೇ ಕಿತ್ತಿದ್ದು. ಯಾವ ಆಪೀಸು ನಿಂದು? ನಮ್ಮ ಒಲ ಅಳೆಯಕ್ಕೆ ಯಾರ್ ಕಳಿಸಿದ್ರು? ಬೆಳಗ್ಗಿಂದ ಒಬ್ಬೊಬ್ರೇ ನಕ್ಸೆ ಇಡ್ಕಂಡು ಕಳ್ಳರಂಗೆ ಓಡಾಡ್ತಾ ಇದ್ದೀರಿ. ಈ ಯಲ್ಲಮ್ಮ ಬದುಕಿರೋಗಂಟ ಒಂದು ಗೂಟ ನೆಡಕ್ಕೆ ಬಿಡಲ್ಲ."

ಬ್ಯಾಟರಾಯಪ್ಪನವರು ಗಡಿಯಾರ ನೋಡಿದರು. ಕಾಯಾಕ್ ಇನ್ನೂ ಕೈತಪ್ಪಿರಲಿಲ್ಲ; ಈಗ ಓಡಿದರೂ ಎರಡು ಗಂಟೆಯೊಳಗೆ ಮುಗಿಯುತ್ತಿತ್ತು. ಆದರೆ ಅವರಿಗೆ ತಮ್ಮಪ್ಪ ನೆನಪಾದರು. ಸರ್ವೆಯವರು ಬಂದು ಹೊಲದ ನಡುವೆ ಕೆಂಪು ಬಳಿದ ಕಲ್ಲು ನೆಟ್ಟು ಹೋದ ದಿನ ಅಪ್ಪ ಸಂಜೆಯವರೆಗೆ ಅದರ ಎದುರು ನಿಂತಿದ್ದರು. ಯಾಕೆ, ಏನು ಎಂದು ಹೇಳಲು ಒಬ್ಬನೂ ಹತ್ತು ನಿಮಿಷ ಕೂತಿರಲಿಲ್ಲ.

ಅವರು ಷೂ ಬಿಚ್ಚಿಟ್ಟು ನೆರಳಲ್ಲಿ ಕೂತರು.

"ಇದು ಆಟ ಅಮ್ಮಾ. ಬಾವುಟ ಹುಡುಕೋ ಆಟ."

"ಈ ವಯಸ್ಸಲ್ಲಿ?"

"ಹೂಂ."

"ಗೆದ್ರೆ ಏನ್ ಕೊಡ್ತಾರೆ?"

"ನಮ್ಮಂಥೋರು ಗೆಲ್ಲಲ್ಲ."

"ಮತ್ಯಾಕೆ ಬಿಸ್ಲಲ್ಲಿ ಓಡಿ ಸಾಯ್ತೀಯ? ಸುಳ್ಳು ಯೋಳಿದ್ರೂ ಒಂದ್ ಅದ ಇರ್ಬೇಕು ಕಣಪ್ಪ."

ಅವರು ಕಾಯಾಕ್ ವಿಷಯ ಹೇಳಿದರು. ನಡುನೀರಿನಿಂದ ದಡ ಹೇಗೆ ಕಾಣುತ್ತದೆಂದು ನೋಡಬೇಕೆಂದರು. ಯಲ್ಲಮ್ಮ ಅವರ ಮುಖವನ್ನು, ಹೊಟ್ಟೆಯನ್ನು, ಕಾಲುಚೀಲವನ್ನು ನಿಧಾನವಾಗಿ ಪರಿಶೀಲಿಸಿದಳು. ನಂಬಿದಂತೆ ಕಾಣಲಿಲ್ಲ. "ಎಲ್ಲಿ, ಆ ನಕ್ಸೆ ತೋರ್ಸು" ಎಂದಳು.

ನಕ್ಷೆ ನೆಲದ ಮೇಲೆ ಹರಡಿತು. ಇದು ಹುತ್ತ, ಇದು ನಿಮ್ಮ ಹೊಂಗೆ ಮರ, ಈ ಹಳದಿಯೆಲ್ಲ ಹುಲ್ಲು ಎಂದು ಅವರು ಬೆರಳಿಟ್ಟು ತೋರಿಸಿದರು. ಓದು ಬಾರದ ಯಲ್ಲಮ್ಮ ಕಾಗದಪತ್ರದ ವಿಷಯದಲ್ಲಿ ಪಳಗಿದವಳು. ತಾಲೂಕು ಕಚೇರಿಯ ಮೆಟ್ಟಿಲು ಅವಳ ಹಿಮ್ಮಡಿಗೆ ಸವೆದಿತ್ತು.

"ಸರ್ವೆ ನಂಬರ್ ಎಲ್ಲೈತೆ?"

"ಇದರಲ್ಲಿ ಇರಲ್ಲಮ್ಮಾ."

"ನಮ್ ಯಜಮಾನ್ರ ಎಸ್ರು?"

"ಯಾರ ಹೆಸರೂ ಇಲ್ಲ."

"ಬದು? ಚೆಕ್ಕುಬಂದಿ? ಪಡುವಲಿಗೆ ಯಾರು, ಮೂಡಲಿಗೆ ಯಾರು?"

"ಪಡುವಲಿಗೆ ಎರಡು ಬಂಡೆ. ಮೂಡಲಿಗೆ ಒಂದು ಪೊದೆ."

ಯಲ್ಲಮ್ಮ ನಕ್ಷೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಖಾಲಿ. ಅವಳ ಮುಖ ಮೊದಲ ಸಲ ಸಡಿಲವಾಯಿತು. ಆಮೇಲೆ ನಗು ಹೊಟ್ಟೆಯಿಂದ ಕುಲುಕಿಕೊಂಡು ಬಂತು.

"ಅಯ್ಯೋ ಮಂಕೇ! ಸರ್ವೆ ನಂಬರ್ ಇಲ್ದಿರೋ ನಕ್ಸೆ ಇಡ್ಕಂಡು ಯಾವನಪ್ಪ ಬೂಮಿ ಕಿತ್ಕಂತಾನೆ? ಪೊದೆ ಬರ್ದವ್ರಂತೆ, ಪೊದೆ! ಆಟಾನೇ ಬುಡು ಇದು."

ಮಡಿಲಿನ ಬಾವುಟ ಹಿಡಿದು ಅವಳು ಎದ್ದಳು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ನಡೆದಳು. ಬ್ಯಾಟರಾಯಪ್ಪನವರು ಮಗಳಿಂದ ಕಲಿತ ಒಂದು ಮಂಡಿ ವ್ಯಾಯಾಮವನ್ನು ದಾರಿಯುದ್ದಕ್ಕೂ ವಿವರಿಸಿದರು. ಆಣೆ ಹೇಗೂ ಮುರಿದಿತ್ತಲ್ಲ. ಬಾವುಟ ಹುತ್ತದ ಪಕ್ಕ ಮತ್ತೆ ನಿಂತಿತು. ಕಡ್ಡಿ ತೂರಿಸಿದರು. 'ಪೀಂ' ಎಂದದ್ದೇ ತಡ ಯಲ್ಲಮ್ಮ, "ಇದು ಮಾತಾಡ್ತೈತಲ್ಲೋ!" ಎಂದು ಕಣ್ಣರಳಿಸಿ, ಇನ್ನೊಂದು ಸಲ ಮಾಡಿಸಿದಳು.

"ಇನ್ನೂ ಬರ್ತಾರಾ ಜನ?"

"ಬರ್ತಾರೆ. ಕೀಳಬೇಡಮ್ಮಾ ಮತ್ತೆ."

"ಕೀಳಲ್ಲ, ಓಗು. ನಾನೇ ನೋಡ್ಕಂತೀನಿ."

ಮಾತು ಕೊಟ್ಟಂತೆಯೇ ನೋಡಿಕೊಂಡಳು. ಅವರು ಇಳಿಜಾರು ದಾಟುವಷ್ಟರಲ್ಲಿ ಹಿಂದಿನಿಂದ ಬಯಲು ತುಂಬುವಂತೆ ಕೇಳಿಸಿತು: "ಏ ಮಗಾ! ಅಲ್ಲಲ್ಲ, ಇಲ್ಲೈತೆ ಬಾ! ಉತ್ತದ ಇಂದೆ!"

ಕೊನೆಯ ಗೆರೆ ಮುಟ್ಟಿದಾಗ ಎರಡು ಗಂಟೆ ಕಳೆದು ಬಹಳ ಹೊತ್ತಾಗಿತ್ತು. ಮೋನಿಷಾ ಗಡಿಯಾರ ನೋಡಿ ನೀರಿನ ಬಾಟಲಿ ಕೊಟ್ಟಳು. ಪಕ್ಕದಲ್ಲೇ ಸುನೀಲ್ ಷೂ ಬಿಚ್ಚುತ್ತ, ನೆಲ ನೋಡಿಕೊಂಡು, "ಪರವಾಗಿಲ್ಲ ಅಂಕಲ್" ಎಂದ. ಅವನ ಬಾಯಿಂದ ಎರಡು ಪದ ಒಟ್ಟಿಗೆ ಬಂದದ್ದು ನೋಡಿಯೇ ಬ್ಯಾಟರಾಯಪ್ಪನವರಿಗೆ ಪರಿಸ್ಥಿತಿ ಗಂಭೀರವೆಂದು ಗೊತ್ತಾಯಿತು.

ಅಷ್ಟರಲ್ಲಿ ಸ್ಪರ್ಧೆ ನಡೆಸುತ್ತಿದ್ದ ರಘುನಾಥ್ ಕಂಪ್ಯೂಟರಿನ ಮುಂದೆ ಎದ್ದು ನಿಂತು ಕೈ ತಟ್ಟಿದರು. ಅವರ ಸುತ್ತ ಆಗಲೇ ಜಗಳ ಶುರುವಾಗಿತ್ತು. ಮೊದಲು ಓಡಿದವರಿಗೆ ಐದನೇ ಬಾವುಟ ಸಿಕ್ಕಿರಲಿಲ್ಲ. ಗಜಾಲಾ ಎಂಬ ಹುಡುಗಿಗೆ ಸಿಕ್ಕಿತ್ತು, ಆದರೆ ಅವಳದು ಬೇರೆ ತಕರಾರು: "ಹುಡುಕೋಕೇ ಬಿಡಲಿಲ್ಲ ಸಾರ್! ಅಜ್ಜಿಯೊಬ್ರು ಕೈ ಹಿಡ್ಕೊಂಡು ಕರ್ಕೊಂಡೋಗಿ, ಎಲ್ಲಿ ಪೀಂ ಅನ್ಸು ಅಂದ್ರು!"

"ಕೇಳ್ರಪ್ಪಾ" ಎಂದರು ರಘುನಾಥ್. "ಅರ್ಧ ಜನಕ್ಕೆ ಬಾವುಟ ಇಲ್ಲ, ಇನ್ನರ್ಧ ಜನಕ್ಕೆ ಬಾವುಟದ ಜೊತೆ ಗೈಡು. ಇಬ್ಬರಿಗೂ ನ್ಯಾಯ ಆಗಲ್ಲ. ನಾಲ್ಕನೇದರಿಂದ ಆರನೇದರವರೆಗಿನ ಟೈಮು ಯಾರಿಗೂ ಲೆಕ್ಕಕ್ಕಿಲ್ಲ, ತೆಗೆದುಹಾಕ್ತಿದ್ದೀನಿ."

ಬ್ಯಾಟರಾಯಪ್ಪನವರ ಮಾತು ಲೆಕ್ಕಕ್ಕಿಲ್ಲವೆಂದು ಮನೆಯಲ್ಲಿ ಹಲವು ಸಲ ತೀರ್ಮಾನವಾಗಿತ್ತು. ಅದರಿಂದ ಉಪಕಾರವಾದದ್ದು ಇದೇ ಮೊದಲು. ಹೊಂಗೆಯ ನೆರಳು, ಚೆಕ್ಕುಬಂದಿ, ಮಂಡಿ ವ್ಯಾಯಾಮ, ಎರಡು ಸಲದ 'ಪೀಂ', ಎಲ್ಲವನ್ನೂ ಕಂಪ್ಯೂಟರ್ ನುಂಗಿತು. ಉಳಿದದ್ದು ಓಡಿದ ಹೊತ್ತಷ್ಟೇ. ಅದು ಎರಡು ಗಂಟೆಯ ಒಳಗೇ ಇತ್ತು.

ಮೋನಿಷಾ ಫಲಿತಾಂಶದ ಚೀಟಿಯನ್ನು ಎರಡು ಸಲ ಓದಿದಳು. "ತೆಗೆದುಹಾಕಿರೋದೇ ಮುಕ್ಕಾಲು ಗಂಟೆ ಇದೆ. ಏನ್ ಮಾಡ್ತಿದ್ದೆ ಅಪ್ಪಾ ಅಲ್ಲಿ?"

"ಮಾತಾಡ್ತಿದ್ದೆ."

"ಆಣೆ?"

"ಆಯಮ್ಮ ಹೊಲ ಹೋಗುತ್ತೆ ಅಂತ ಹೆದರಿದ್ರು ಕಣೇ. ಹೇಳದೇ ಹೆಂಗೆ ಬರೋದು?"

ಅವಳು ಮೊಬೈಲು ತೆಗೆದು ತಂಡದವರ ಹೆಸರು ತುಂಬಿಸತೊಡಗಿದಳು. "ವಯಸ್ಸು ಐವತ್ತಮೂರು ತಾನೇ?"

ಬ್ಯಾಟರಾಯಪ್ಪನವರಿಗೆ ಕೂಡಲೇ ಒಂದು ಸಂದೇಹ ಬಂತು. "ಕಾಯಾಕ್‌ನಲ್ಲಿ ಹೆಂಗೆ ಕೂರ್ತಾರೆ? ಎದುರು ಬದುರಾ?"

"ಒಬ್ರ ಹಿಂದೆ ಒಬ್ರು. ಮುಂದೆ ಕೂತೋರ ಮುಖ ಆ ಕಡೆ ಇರುತ್ತೆ, ಅವ್ರು ಏನ್ ಮಾತಾಡಿದ್ರೂ ಹಿಂದಿನೋರಿಗೆ ಸರಿಯಾಗಿ ಕೇಳ್ಸಲ್ಲ."

"ಹಂಗಾದ್ರೆ ನಾನು ಹಿಂದೆ ಕೂರ್ತೀನಿ."

"ಇಲ್ಲ ಅಪ್ಪಾ" ಎಂದಳು ಮೋನಿಷಾ, ಮೊಬೈಲಿನಿಂದ ತಲೆ ಎತ್ತದೆ. "ನೀನು ಮುಂದೆ."