ಬೆಂಚಿನಲ್ಲಿ ಪಕ್ಕಕ್ಕೆ ಕೂತವರು

ಐದು ಪಂದ್ಯ. ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡು.

ಈ ಸೀಸನ್ನಿನ ಮೊದಲ ಐದು ಪಂದ್ಯಗಳಲ್ಲಿ ನನ್ನ ಅಕ್ಕನ ಮಗಳು ಭಾಗ್ಯಶ್ರೀ ಬಾಸ್ಕೆಟ್‌ಬಾಲ್ ಕೋರ್ಟಿನೊಳಗೆ ಇದ್ದ ಸಮಯ ಅದು. ಅಂದಾಜಲ್ಲ. ಅವಳು ಒಳಗೆ ಕಾಲಿಟ್ಟ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಹೊರಗೆ ಬಂದ ಕೂಡಲೇ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಇಪ್ಪತ್ತೆಂಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಬೇರೆ ಏನು ಬರುತ್ತದೆ?

ಈ ಆಟದ ಪರಿಚಯವಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ತಂಡದಲ್ಲಿ ಹನ್ನೆರಡು ಮಂದಿ. ಆಡುವವರು ಐವರು, ಉಳಿದ ಏಳು ಮಂದಿ ಬೆಂಚಿನ ಮೇಲೆ. ಬದಲಿಯಾಗಿ ಎಷ್ಟು ಸಲ ಬೇಕಾದರೂ ಒಳಗೆ ಹೋಗಬಹುದು, ಹೊರಗೆ ಬರಬಹುದು. ಪಂದ್ಯ ನಲವತ್ತು ನಿಮಿಷದ್ದು, ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಐದು ಪಂದ್ಯಕ್ಕೆ ಇನ್ನೂರು ನಿಮಿಷ. ಅದರಲ್ಲಿ ನಮ್ಮ ಹುಡುಗಿಯ ಪಾಲು ಎಷ್ಟೆಂದು ಮೊದಲೇ ಹೇಳಿದ್ದೇನೆ.

ಇದರಲ್ಲಿ ನನಗೇನು ಕಷ್ಟ? ಕಷ್ಟವಿದೆ. ಮಾತು ಕೊಟ್ಟವನು ನಾನು.

ಹೋದ ವರ್ಷ ಸೊಲ್ಲಾಪುರದ ವೃತ್ತಿಪರ ಮಹಿಳಾ ತಂಡ ಭಾಗ್ಯಾಳನ್ನು ಆರಿಸಿತು. ಹತ್ತೊಂಬತ್ತು ವರ್ಷ, ಆರಡಿಗೆ ಎರಡೇ ಇಂಚು ಕಡಿಮೆ, ಅಕ್ಕಲಕೋಟೆಯ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ. (ಓದಿದ್ದೆಲ್ಲ ಮರಾಠಿಯಲ್ಲಿ. ಈ ಬರಹವನ್ನೂ ಅವಳಿಗೆ ಅವಳ ಅವ್ವನೇ ಓದಿ ಹೇಳಬೇಕು.) ತಂಡ ಸೇರಬೇಕೆಂದರೆ ಒಂದು ವರ್ಷ ಕಾಲೇಜು ಬಿಟ್ಟು ಸೊಲ್ಲಾಪುರದಲ್ಲಿ ಇರಬೇಕು. ಅವಳ ಅಪ್ಪ, ಅಂದರೆ ನನ್ನ ಅಕ್ಕನ ಗಂಡ, ಅಕ್ಕಲಕೋಟೆ ಹತ್ತಿರದ ವಾಗದರಿಯಲ್ಲಿ ಹೊಲ ಮಾಡಿಕೊಂಡಿರುವವರು. ನಾವು ಅವರನ್ನು ದಾಜಿ ಎನ್ನುತ್ತೇವೆ. ಒಪ್ಪಿಸಲು ನಾನೇ ಹೋದೆ. ದಾಜಿ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು, ಆರಿಸಿಕೊಂಡು ಕುಡಿದು, ಒಂದೇ ಪ್ರಶ್ನೆ ಕೇಳಿದರು.

“ಆಡಸ್ತಾರೋ, ಕುಂಡ್ರಸ್ತಾರೋ?”

“ಆಡಸ್ತಾರ ದಾಜಿ. ನಾ ಹೇಳಾಕತ್ತೀನಲ್ಲ.”

“ನೀ ಪೇಪರದಾಂವ. ಸುಳ್ಳ ಹೇಳಂಗಿಲ್ಲ ಅಂತ ತಿಳಕೋತೀನಿ. ಒಂದ ವರ್ಷ ನೋಡ. ಆಡಸಲಿಲ್ಲಂದ್ರ ಜೂನದಾಗ ತಿರಗಿ ಕಾಲೇಜಿಗಿ.”

ಲೀಗಿನ ಪಂದ್ಯಗಳೆಲ್ಲ ಈ ಸಲ ಸೊಲ್ಲಾಪುರದಲ್ಲೇ, ವಿಜಾಪುರ ರಸ್ತೆಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಪ್ರತಿ ಭಾನುವಾರ ದಾಜಿ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದರು. ಸಂಜೆ ನಾಲ್ಕಕ್ಕೆ ಬಿಳಿ ಟೋಪಿ ಸರಿಮಾಡಿಕೊಂಡು ನನ್ನ ಪಕ್ಕ ಕೂರುತ್ತಿದ್ದರು. ಮಗಳು ಬೆಂಚಿನಲ್ಲಿ. ಟೈಮ್‌ಔಟ್ ಆದಾಗ ಎದ್ದು, ಆಡಿ ಬಂದವರಿಗೆ ನೀರಿನ ಬಾಟಲಿ ಕೊಡುತ್ತಿದ್ದಳು.

“ಬಾಟ್ಲಿ ಚಲೋ ಕೊಡತಾಳ,” ಎಂದರು ಎರಡನೇ ಭಾನುವಾರ.

ಮೂರನೇ ಭಾನುವಾರ: “ಇದನ್ನ ವಾಗದರ್‍ಯಾಗೂ ಕಲೀಬಹುದಿತ್ತು. ನಮ್ಮ ಎಮ್ಮಿಗೋಳಿಗೂ ನೀರಡಿಕಿ ಆಗತದ.”

ಐದನೇ ಭಾನುವಾರ ಅವರು ಪಂದ್ಯ ಮುಗಿಯುವ ಮೊದಲೇ ಎದ್ದು ಬಸ್ಸಿಗೆ ಹೊರಟರು. ಅದು ಎಮ್ಮೆಯ ಮಾತಿಗಿಂತ ಜೋರಾಗಿ ತಾಕಿತು. ಮರುದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದುಕೊಂಡು ಪ್ರಾಕ್ಟೀಸ್ ನಡೆಯುವಲ್ಲಿಗೆ ಹೋದೆ.

ಕೋಚ್ ಸುನಂದಾ ಮೇಡಂ ಒಂದು ಕಾಲಕ್ಕೆ ಚೆನ್ನಾಗಿ ಆಡಿದವರು. ಮನೆಮಾತು ಕನ್ನಡ, ಸಿಟ್ಟು ಬಂದರೆ ಮರಾಠಿ. ನನ್ನ ಪುಣ್ಯ, ಅಂದು ಕನ್ನಡದಲ್ಲೇ ಮಾತಾಡಿದರು. ನೋಟ್‌ಬುಕ್ಕಿನ ಪುಟ ತಿರುವಿ ನೋಡಿದರು.

“ಭಾಳ ನೀಟ್ ಬರದೀರಿ ಸರ್. ಸೆಕೆಂಡ್ ಸುದ್ದಾ ಬಿಟ್ಟಿಲ್ಲ.”

“ಅದ ನಮ್ಮ ಕೆಲಸಾರಿ.”

“ಆಕಿ ಆಡಿದ್ದು ಬರದೀರಿ. ಕುಂತಿದ್ದು ಬರದೀರೇನು?”

“ಕುಂತಿದ್ರಾಗ ಬರಿಯೂದ ಏನ ಇರತದ್ರಿ ಮೇಡಂ?”

ಅವರು ನೋಟ್‌ಬುಕ್ ಮುಚ್ಚಿ ವಾಪಸ್ ಕೊಟ್ಟರು. “ಪೇಪರದವರು ಎರಡೂ ಕಡಿ ಕೇಳಿ ಬರೀತಾರ ಅಂತ ಮಾಡಿದ್ದೆ ನಾ.”

ನೆಟ್ಟಗೆ ಬಂದು ನಾಟಿತು. ಹೊಸ ವರದಿಗಾರ ಬಂದರೆ ನಾನು ಕೇಳುವ ಮೊದಲ ಪ್ರಶ್ನೆಯೇ ಅದು: ಇನ್ನೊಂದು ಕಡೆ ಕೇಳಿದೆಯಾ? ಐದು ವಾರ ಗ್ಯಾಲರಿಯಲ್ಲಿ ಕೂತು ಸೆಕೆಂಡು ಬರೆದ ನಾನು, ಇಪ್ಪತ್ತು ಹೆಜ್ಜೆ ಇಳಿದು ಬೆಂಚಿನ ಹತ್ತಿರ ಹೋಗಿರಲಿಲ್ಲ.

“ಮುಂದಿನ ಐತವಾರ ಮ್ಯಾಲ ಕುಂಡ್ರಬ್ಯಾಡ್ರಿ,” ಎಂದರು ಮೇಡಂ. “ಬೆಂಚ್ ಹಿಂದ ಎರಡು ಖುರ್ಚಿ ಹಾಕಸ್ತೀನಿ. ಆಕಿ ಅಪ್ಪಾರನ್ನೂ ಕರಕೊಂಡ ಬರ್ರಿ.”

ಆ ಭಾನುವಾರ ಲೀಗಿನ ಕೊನೆಯ ಪಂದ್ಯ. ಗೆದ್ದರೆ ಸೆಮಿಫೈನಲ್. ಸೋತರೆ ಸೀಸನ್ ಅಲ್ಲಿಗೇ ಮುಗಿಯಿತು.

ಖುರ್ಚಿಯಲ್ಲಿ ಕೂತ ಮೇಲೆ ತಿಳಿದ ಮೊದಲ ಸಂಗತಿ: ಬೆಂಚಿನಲ್ಲಿ ಭಾಗ್ಯಾಳ ಪಕ್ಕದ ಜಾಗ ಯಾವಾಗಲೂ ಖಾಲಿ. ಅದು ಕವಿತಾ ಅವರ ಜಾಗ. ಕವಿತಾ ತಂಡದ ನಾಯಕಿ. ಮೂವತ್ತನಾಲ್ಕು ವರ್ಷ, ಎರಡೂ ಮೊಣಕಾಲಿಗೆ ಪಟ್ಟಿ. ಇದೇ ಕೊನೆಯ ಸೀಸನ್ ಎಂದು ಮೊದಲೇ ಹೇಳಿದ್ದರು. ಇಷ್ಟು ವರ್ಷ ಆಡಿಯೂ ಒಂದು ಸಲವೂ ಫೈನಲ್ ಮುಟ್ಟಿದವರಲ್ಲ. ಭಾಗ್ಯಾಳದೂ ಅವರದೂ ಒಂದೇ ಜಾಗದ ಆಟ. ಅವರು ಹೊರಗೆ ಬಂದರೆ ಮಾತ್ರ ಇವಳು ಒಳಗೆ.

ಎರಡನೇ ಕ್ವಾರ್ಟರಿನಲ್ಲಿ ಅವರು ದಣಿವಾರಿಸಿಕೊಳ್ಳಲು ಬಂದು ಆ ಜಾಗದಲ್ಲಿ ಕೂತರು. ಅವರ ಬದಲಿಗೆ ಬೇರೆ ಆಟಗಾರ್ತಿ ಹೋದಳು. ಭಾಗ್ಯಾಳನ್ನು ಕಳಿಸಲಿಲ್ಲ. ನೋಡಿದಿರಾ ಎಂಬಂತೆ ನಾನು ದಾಜಿಯ ಕಡೆ ತಿರುಗಿದೆ. ಅವರು ಬೆರಳು ತುಟಿಗಿಟ್ಟುಕೊಂಡರು. ಮುಂದೆ ಬೆಂಚಿನಲ್ಲಿ ಅವರಿಬ್ಬರ ಪಿಸುಮಾತು ನಡೆದಿತ್ತು.

“ಎಡಕ್ಕ ಹೋಗತಾಳ,” ಎಂದಳು ಭಾಗ್ಯಾ. ಎದುರಾಳಿ ಎಡಕ್ಕೆ ಹೋದಳು.

“ಈಗ ಪಾಸ್. ಹಿಂದ ನಿಂತಾಕಿಗಿ.” ಪಾಸ್ ಹೋಯಿತು, ಆದರೆ ಬಲಗಡೆ ನಿಂತವಳಿಗೆ.

“ತಪ್ಪು,” ಎಂದರು ಕವಿತಾ. “ಕಣ್ಣ ನೋಡಿದಿ ನೀ. ಕಣ್ಣೀಲೆ ಎಲ್ಲಾರೂ ಮೋಸ ಮಾಡತಾರ. ಸೊಂಟ ನೋಡು. ಸೊಂಟ ತಿರಗಲಾರದ ಯಾರೂ ತಿರಗಂಗಿಲ್ಲ.”

ದಾಜಿ ಖುರ್ಚಿಯ ತುದಿಗೆ ಬಂದಿದ್ದರು. “ಎತ್ತಿಂದೂ ಹಂಗ,” ಎಂದರು ನನ್ನ ಕಿವಿಯಲ್ಲಿ, ಆದರೆ ಹೊಲದಲ್ಲಿ ಮಾತಾಡುವ ದನಿಯಲ್ಲಿ. “ಕೋಡು ಒಂದ ಕಡಿ ಒಗೀತದ, ತಿರಗೂದು ಇನ್ನೊಂದ ಕಡಿ. ಹೆಗಲ ನೋಡಬೇಕು.”

ಕವಿತಾ ತಿರುಗಿ ನಕ್ಕರು. “ಕಾಕಾ, ನಾಳಿಂದ ನೀವ ಬರ್ರಿ ಕೋಚಿಂಗಿಗಿ.”

ಮಧ್ಯಂತರದಲ್ಲಿ ಮೇಡಂ ವಿವರಿಸಿದರು. ಬೆಂಚಿನಲ್ಲಿ ಕೂತು, ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಬೇಕು. ಹತ್ತರಲ್ಲಿ ಏಳು ಸರಿಯಾದ ಮೇಲೆಯೇ ದೊಡ್ಡ ಪಂದ್ಯದ ಆಟ. ಮೊದಲ ಭಾನುವಾರ ಭಾಗ್ಯಾ ಹೇಳಿದ್ದರಲ್ಲಿ ಸರಿಯಾದದ್ದು ಮೂರು. ಹೋದ ವಾರ ಆರು, ಇಂದು ಮೊದಲಾರ್ಧದಲ್ಲಿ ಏಳು. ಹೀಗೆ ಐದು ವಾರ ನನ್ನ ಕಣ್ಣೆದುರಿಗೇ ಒಂದು ಶಾಲೆ ನಡೆದಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಆ ಜಾಗದಲ್ಲೆಲ್ಲ ಸೊನ್ನೆ.

ನನಗೆ ನನ್ನ ಮೊದಲ ಸುದ್ದಿ ಸಂಪಾದಕರು ನೆನಪಾದರು. ಒಂದು ವರ್ಷ ನನ್ನಿಂದ ಮಾರುಕಟ್ಟೆ ಧಾರಣೆ ಮತ್ತು ನಿಧನ ವಾರ್ತೆ ಬಿಟ್ಟು ಬೇರೇನೂ ಬರೆಸಲಿಲ್ಲ. ಆದರೆ ಅವರು ಮುಖಪುಟ ಕಟ್ಟುವಾಗ ನಾನು ಹಿಂದೆ ನಿಂತಿರಬೇಕಿತ್ತು. ಒಂದು ಸಂಜೆ ತಟ್ಟನೆ ಎದ್ದು, “ಕೂತುಕೋ” ಎಂದರು. ಅಂದು ಪುಟ ತಡವಾಯಿತು, ಒಂದು ಶೀರ್ಷಿಕೆಯೂ ತಪ್ಪಿತು. ಪತ್ರಿಕೆಗೇನು ಪ್ರಾಕ್ಟೀಸ್ ಮ್ಯಾಚ್ ಇರುತ್ತದೆಯೇ? ತಪ್ಪು ಅಚ್ಚಾಗಿಯೇ ಹೋಯಿತು. ಮಾಲೀಕರ ಕೋಣೆಗೆ ಹೋಗಿ ಬೈಸಿಕೊಂಡು ಬಂದವರು ಅವರು. ನಾನು ಅವರಿಗೆ ಥ್ಯಾಂಕ್ಸ್ ಹೇಳಿದ್ದೆನೇ? ನೆನಪಿಲ್ಲ. ಅಂದರೆ ಹೇಳಿಲ್ಲ.

ಮತ್ತೆ ಪಂದ್ಯಕ್ಕೆ. ಕೊನೆಯ ಕ್ವಾರ್ಟರ್, ಉಳಿದದ್ದು ಆರು ನಿಮಿಷ. ಸೊಲ್ಲಾಪುರ ಒಂಬತ್ತು ಪಾಯಿಂಟ್ ಮುಂದೆ. ಕವಿತಾ ಕಾಲೆಳೆಯತೊಡಗಿದ್ದರು. ಮೇಡಂ ಅವರನ್ನು ಹೊರಗೆ ಕರೆದು ಈ ಕಡೆ ತಿರುಗಿದರು. “ಭಾಗ್ಯಾ, ನಡಿ.”

ದಾಜಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಸ್ಟಾಪ್‌ವಾಚ್ ಒತ್ತಿದೆ.

ಮೊದಲ ನಿಮಿಷದಲ್ಲೇ ಅವಳು ಎರಡು ಸಲ ಚೆಂಡು ಕಳೆದುಕೊಂಡಳು. ಒಂದು ಸಲ ಕೈಯಿಂದಲೇ ಕಿತ್ತುಕೊಂಡರು. ಇನ್ನೊಂದು ಸಲ ಇವಳೇ ಎದುರಾಳಿಯ ಕೈಗೆ ಪಾಸ್ ಕೊಟ್ಟಳು. ಎದುರಾಳಿಗೆ ಎರಡು ಬುಟ್ಟಿ, ನಾಲ್ಕು ಪಾಯಿಂಟ್. ಒಂಬತ್ತು ಐದಕ್ಕೆ ಇಳಿಯಿತು.

ಗ್ಯಾಲರಿಯಿಂದ ಕೂಗು ಎದ್ದಿತು. “ತಿಲಾ ಬಾಹೇರ್ ಕಾಢಾ!” ಮರಾಠಿಯ ಆ ಗದ್ದಲದ ನಡುವೆ ಕನ್ನಡದ ಒಂದು ದನಿಯೂ ಇತ್ತು: “ಹೊರಗ ತಗೀರಿ ಆಕಿನ್ನ!”

ಆ ದನಿ ನನ್ನದು.

ದಾಜಿ ನನ್ನ ಮೊಣಕೈ ಹಿಡಿದರು. “ಐದ ವಾರ ಆಡಸಲಿಲ್ಲ, ಆಡಸಲಿಲ್ಲ ಅಂತ ಬರಕೋತ ಕುಂತಾಂವ ನೀನ ಹೌದಲ್ಲೊ? ಕುಂಡ್ರ ಗಪ್ಪ.”

ತಂಡದ ಮಾಲೀಕರು ಊರಿನ ಸೀರೆ ವ್ಯಾಪಾರಿ. ಎದುರಿನ ಸಾಲಿನಲ್ಲಿ ಎದ್ದು ನಿಂತು ಮೇಡಂ ಅವರನ್ನೇ ನೋಡುತ್ತಿದ್ದರು. ಮೇಡಂ ಟೈಮ್‌ಔಟ್ ತೆಗೆದುಕೊಂಡು, ನೀರು ಕುಡಿಯುತ್ತಿದ್ದ ಕವಿತಾ ಹತ್ತಿರ ಬಂದರು. ನಾನು ನಾಲ್ಕಡಿ ದೂರದಲ್ಲಿದ್ದೆ. ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಹೋಗತೀಯೇನು?”

ಅವರ ಕೊನೆಯ ಸೀಸನ್. ಹೌದು ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

“ಈಗ ತಗದ್ರ ಆಕಿ ಇದನ್ನ ವರ್ಷಪೂರ್ತಿ ತಲ್ಯಾಗ ಇಟಗೊಂಡ ಕುಂಡ್ರತಾಳ ಮೇಡಂ. ಇರಲಿ. ಒಂದಾದ್ರೂ ಸರಿ ಮಾಡಿ ಬರಲಿ.”

ಭಾಗ್ಯಾ ಒಳಗೇ ಉಳಿದಳು. ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಾಳಿಯೊಬ್ಬಳು ಬಲಕ್ಕೆ ಕಣ್ಣು ಹಾಯಿಸಿದಳು. ಆ ಕಣ್ಣು ನಂಬಿ ನಮ್ಮವರು ಇಬ್ಬರು ಬಲಕ್ಕೆ ಓಡಿದರು. ಭಾಗ್ಯಾ ಓಡಲಿಲ್ಲ. ಎಡಕ್ಕೆ ಬಂದ ಚೆಂಡು ನೇರ ಅವಳ ಕೈಗೆ. ಒಬ್ಬಳೇ ಕೋರ್ಟಿನುದ್ದ ಓಡಿ ಬುಟ್ಟಿಗೆ ಹಾಕಿದಳು. ಬೆಂಚಿನಲ್ಲಿ ಕವಿತಾ ಜಿಗಿದು ಎದ್ದು, ಮೊಣಕಾಲು ಹಿಡಿದುಕೊಂಡು ಕೂತರು. “ಸೊಂಟ ನೋಡಿದಳು, ಸೊಂಟ!” ಎಂದರು ದಾಜಿಗೆ. ದಾಜಿ ಟೋಪಿಯ ತುದಿಯಿಂದ ಕಣ್ಣೊರೆಸಿಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ನಡೆದದ್ದು ಬೇರೆ. ಎದುರಾಳಿಗಳು ಒಂದೊಂದೇ ಬುಟ್ಟಿ ಹಾಕುತ್ತ ಸಮಕ್ಕೆ ಬಂದರು. ಒಂದು ನಿಮಿಷ ಉಳಿದಾಗ ಕವಿತಾ ಒಳಗೆ ಹೋದರು, ಭಾಗ್ಯಾ ಹೊರಗೆ ಬಂದಳು. ಫೌಲಿಗೆ ಸಿಕ್ಕ ಫ್ರೀ ಥ್ರೋದಲ್ಲಿ ಎದುರಾಳಿಗಳು ಒಂದು ಪಾಯಿಂಟ್ ಮುಂದಾದರು. ಕೊನೆಯ ಸೆಕೆಂಡಿನಲ್ಲಿ ಕವಿತಾ ಎಸೆದ ಚೆಂಡು ರಿಂಗಿಗೆ ಬಡಿದು ಆಚೆ ಬಿತ್ತು. ಒಂದು ಪಾಯಿಂಟಿನಿಂದ ಸೋತೆವು.

ಭಾಗ್ಯಾ ಕಳೆದದ್ದು ನಾಲ್ಕು, ಗಳಿಸಿದ್ದು ಎರಡು, ಸೋತದ್ದು ಒಂದರಿಂದ. ಕೂಡಿ ಕಳೆಯಲು ಯಾರಿಗೂ ಕಷ್ಟವಾಗಲಿಲ್ಲ.

ಕೋಚ್ ಮಾಡಿದ್ದು ಸರಿಯೇ? ನಾನು ತೀರ್ಪು ಕೊಡುವುದಿಲ್ಲ. ವೃತ್ತಿಪರ ತಂಡ ಗೆಲ್ಲಲೆಂದೇ ಇರುವುದು, ಜನ ಬರುವುದೂ ಅದಕ್ಕೇ. ಎಳೆಯರನ್ನು ಬೆಳೆಸಬೇಕು ಎಂದು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಯಾರ ಜಾಗದಲ್ಲಿ ಎಂದು ಹೇಳುವುದಿಲ್ಲ. ಅಂದು ಆ ಜಾಗ ಯಾರದೆಂದು ನಾನು ನೋಡಿದೆ. ಅವರು ಮೊಣಕಾಲ ಪಟ್ಟಿ ಬಿಚ್ಚುತ್ತಿದ್ದರು.

ಮಾಲೀಕರು ಬಂದರು. “ಸೋತೇವಲ್ರಿ ಮೇಡಂ.”

“ಹೌದ್ರಿ. ಸೋತೇವಿ.”

ಅವರು ಭಾಗ್ಯಾಳನ್ನು ಒಂದು ಕ್ಷಣ ನೋಡಿದರು. “ನಮ್ಮ ಅಂಗಡ್ಯಾಗೂ ಹೊಸಬರು ಮೊದಲ ಗಿರಾಕಿ ಕಳಕೋತಾರ. ಎರಡನೇದ್ದು ಕಳಕೊಂಡ್ರ ಮಾತ್ರ ನಾ ಮಾತಾಡ್ತೀನಿ, ನೋಡವಾ.” ಹೋದರು. ಮುಂದಿನ ಸೀಸನ್ನಿಗೂ ಅವಳನ್ನು ಉಳಿಸಿಕೊಂಡರು ಎಂದು ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ದಾಜಿ ಕವಿತಾ ಮುಂದೆ ಹೋಗಿ ನಿಂತು ಕೈ ಮುಗಿದರು. “ನಿಮ್ಮ ಫೈನಲಿನ ಆಸೆ ನಮ್ಮ ಹುಡಿಗಿ ಕಳದಳ್ರಿ ಕವಿತಾಬಾಯಿ.”

“ಬಿಡ್ರಿ ಕಾಕಾ. ಮೊದಲನೇ ವರ್ಷ ನಾನೂ ಹಿಂಗ ಒಂದು ಮ್ಯಾಚ್ ಕಳದಿದ್ದೆ. ಅವತ್ತು ಆಟ ಬಿಟ್ಟು ಬೆಂಚ್ ಮ್ಯಾಲ ಕುಂತಾಕಿ ಯಾರ ಗೊತ್ತೇನು? ಈ ಮೇಡಂ.”

ಹಳೆಯ ಚಾಳಿ, ಖಚಿತಪಡಿಸಿಕೊಳ್ಳದೆ ಇರಲಾಗಲಿಲ್ಲ. ಈ ಸಲ ಇನ್ನೊಂದು ಕಡೆಯನ್ನೂ ಕೇಳಿದೆ. “ಹೌದೇನ್ರಿ ಮೇಡಂ?”

“ಖರೇನ ಅದ,” ಎಂದರು ಸುನಂದಾ ಮೇಡಂ. “ಆದ್ರ ನಕ್ಕೋತ ಏನ ಕುಂತಿದ್ದಿಲ್ಲ ನಾ. ಎಂಟ ದಿನ ಇಕಿ ಜೋಡಿ ಮಾತ ಬಿಟ್ಟಿದ್ದೆ.”

“ಎಂಟಲ್ಲ, ಹದಿನೈದು,” ಎಂದರು ಕವಿತಾ. ಸೋತ ತಂಡ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಭಾಗ್ಯಾ ಅಳುತ್ತಲೇ ನಕ್ಕಳು.

ಪತ್ರಿಕೆಯಲ್ಲಿ ತಪ್ಪಾದರೆ ನಾವು ತಿದ್ದುಪಡಿ ಹಾಕುತ್ತೇವೆ. ಇದು ನನ್ನದು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಭಾಗ್ಯಶ್ರೀ, ಕೋರ್ಟಿನಲ್ಲಿ ಐದು ನಿಮಿಷ’ ಎಂದು ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಕವಿತಾ, ಬೆಂಚಿನಲ್ಲಿ ಅದೇ ಐದು ನಿಮಿಷ.’ ಕವಿತಾ ಅವರಿಗೆ, ಸುನಂದಾ ಮೇಡಂ ಅವರಿಗೆ, ಮತ್ತು ನನ್ನ ತಪ್ಪು ಶೀರ್ಷಿಕೆಗೆ ಬೈಸಿಕೊಂಡ ಆ ಸಂಪಾದಕರಿಗೆ, ತಡವಾಗಿಯಾದರೂ, ಧನ್ಯವಾದ.

ದಾಜಿಯನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಅಕ್ಕಲಕೋಟೆಯ ಗಾಡಿ ನಿಂತಿತ್ತು. ಹತ್ತಿ, ಕಿಟಕಿಯ ಪಕ್ಕ ಕೂತು, ಟೋಪಿ ಹಾಕಿಕೊಂಡರು. ಜೂನ್, ಕಾಲೇಜು, ಯಾವ ಮಾತೂ ಇಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ. ಬಸ್ಸು ಅಲುಗಿದಾಗ ಅವರೇ ತಲೆ ಹೊರಗೆ ಹಾಕಿದರು.

“ಅಲ್ಲೋ, ಮುಂದಿನ ವರ್ಷ ಆ ಕವಿತಾಬಾಯಿ ಇರಂಗಿಲ್ಲ. ಬೆಂಚ್ ಮ್ಯಾಲ ನಮ್ಮ ಹುಡಿಗಿ ಬಾಜೂಕ ಯಾರ ಕುಂಡ್ರತಾರ?”